ಅಕ್ಕನ ಅಂಗಡಿಯ ಬ್ರೌಸರ್‌ಗೆ ಕಾವಲು ಇಟ್ಟ ಬಗೆ

ತೀರ್ಥಹಳ್ಳಿಯಲ್ಲಿ ನನ್ನ ಅಕ್ಕನಿಗೆ ಜೆರಾಕ್ಸ್ ಅಂಗಡಿಯಿದೆ. ಜೆರಾಕ್ಸ್‌ಗಿಂತ ಆನ್‌ಲೈನ್ ಅರ್ಜಿಯ ಕೆಲಸವೇ ಅಲ್ಲಿ ಹೆಚ್ಚು: ಪಹಣಿ, ಜಾತಿ–ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಪರೀಕ್ಷಾ ಶುಲ್ಕ. ದಿನಕ್ಕೆ ಹತ್ತಾರು ಜನರ ಆಧಾರ್ ಸಂಖ್ಯೆ, ಒಟಿಪಿ ಆ ಒಂದೇ ಕಂಪ್ಯೂಟರನ್ನು ಹಾದು ಹೋಗುತ್ತವೆ. ಒಮ್ಮೆ ಪಿಡಿಎಫ್‌ನ ಗಾತ್ರ ಇಳಿಸಲು ಯಾವುದೋ ತಾಣಕ್ಕೆ ಹೋಗಿ, ಜಾಹೀರಾತಿನ ಹಸಿರು ‘ಡೌನ್‌ಲೋಡ್’ ಗುಂಡಿ ಒತ್ತಿ, ಬೇಡದ ತಂತ್ರಾಂಶವನ್ನು ಇಳಿಸಿಕೊಂಡಿದ್ದಳು. ಅದು ಅವಳ ತಪ್ಪಲ್ಲ. ಆ ಪುಟದಲ್ಲಿ ಅಂಥ ಗುಂಡಿಗಳು ನಾಲ್ಕಿದ್ದವು. ನಿಜವಾದದ್ದೇ ಎಲ್ಲಕ್ಕಿಂತ ಚಿಕ್ಕದು.

ನಾನು ಬೆಂಗಳೂರಿನಲ್ಲಿ ವೆಬ್ ತಂತ್ರಾಂಶ ಬರೆಯುವವನು. ನನಗೆ ರೂಢಿಯಿದ್ದದ್ದು ನೋಸ್ಕ್ರಿಪ್ಟ್. ಇಟಲಿಯ ಜಾರ್ಜಿಯೊ ಮಾವೋನೆ 2005ರಲ್ಲಿ ಹೊರತಂದ ಆ್ಯಡ್-ಆನ್, ಎಂದರೆ ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ, ಅದು. ಗುರುತು ಮರೆಸಿ ಜಾಲಾಡಲು ಬಳಸುವ ಟಾರ್ ಬ್ರೌಸರ್‌ನೊಳಗೂ ಅದು ಇದೆ. ನಾವಾಗಿ ಬಿಡುವವರೆಗೆ ಹೊಸ ತಾಣದ ಜಾವಾಸ್ಕ್ರಿಪ್ಟನ್ನು, ಎಂದರೆ ಪುಟದೊಳಗೆ ಓಡುವ ಕೋಡನ್ನು, ಓಡಗೊಡುವುದಿಲ್ಲ. ನನಗೆ ಒಗ್ಗಿದ್ದು ಅಕ್ಕನಿಗೂ ಒಗ್ಗುತ್ತದೆಂದು ಅದನ್ನೇ ಹಾಕಿ ಬಸ್ ಹತ್ತಿದೆ.

ಮೂರನೆಯ ದಿನ ಫೋನ್ ಬಂತು. ಒಬ್ಬ ಹುಡುಗನ ಪರೀಕ್ಷಾ ಶುಲ್ಕ ಕಟ್ಟುತ್ತಿದ್ದಳು. ಮೊದಲ ಪುಟ ಸರಿಯಾಗಿ ಬರಲಿಲ್ಲ. ನಾನು ಹೇಳಿಕೊಟ್ಟಂತೆ ಪಟ್ಟಿ ತೆರೆದು ಅನುಮತಿ ಕೊಟ್ಟಳು. ಅಲ್ಲಿಂದ ಹಣ ಪಾವತಿಸುವ ಪುಟಕ್ಕೆ ಹೋದರೆ ಬೇರೆ ವಿಳಾಸ, ಮತ್ತೆ ಅನುಮತಿ. ಒಟಿಪಿ ಕೇಳುವ ಬ್ಯಾಂಕಿನ ಪುಟದ್ದು ಮೂರನೆಯ ವಿಳಾಸ. ಅನುಮತಿ ಕೊಟ್ಟಾಗಲೆಲ್ಲ ಪುಟ ಹೊಸದಾಗಿ ತೆರೆದುಕೊಳ್ಳುತ್ತದೆ. ಒಟಿಪಿ ಕೊಟ್ಟು ರಸೀದಿಗೆ ಮರಳುವ ಹೊತ್ತಿಗೆ ಹಾಗೇ ಆಯಿತು. ಹಣ ಕಡಿತವಾಗಿತ್ತು, ರಸೀದಿ ಇರಲಿಲ್ಲ, ಹುಡುಗ ಎದುರಿಗೇ ನಿಂತಿದ್ದ. ಹಣ ಐದು ದಿನಕ್ಕೆ ಮರಳಿ ಬಂತು. ಅಕ್ಕ ಅಂದೇ ತನ್ನ ಕೈಯಿಂದ ಇನ್ನೊಮ್ಮೆ ಕಟ್ಟಿ ಅವನನ್ನು ಕಳುಹಿಸಿದ್ದಳು.

ನೋಸ್ಕ್ರಿಪ್ಟ್ ತನ್ನ ಕೆಲಸವನ್ನೇ ಮಾಡಿತ್ತು. ತಪ್ಪು ನನ್ನದು. ಯಾವುದೋ ವಿಳಾಸ ತೋರಿಸಿ ‘ಇದನ್ನು ನಂಬುತ್ತೀರಾ?’ ಎಂದು ಕೇಳಿದರೆ ಅಕ್ಕ ಏನು ಹೇಳಬೇಕು? ಅಂಥ ಎಷ್ಟೋ ವಿಳಾಸಗಳನ್ನು ನಾನೇ ಅಂದಾಜಿನ ಮೇಲೆ ಬಿಡುತ್ತೇನೆ. ನನಗೇ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಅವಳ ತಲೆಗೆ ಕಟ್ಟಿ ಬಂದಿದ್ದೆ.

ಮತ್ತೆ ಊರಿಗೆ ಹೋದೆ. ಈ ಸಲ ಎರಡು ದಿನ ಅವಳ ಹಿಂದೆ ಸ್ಟೂಲ್ ಹಾಕಿಕೊಂಡು ಕುಳಿತು ಸುಮ್ಮನೆ ನೋಡಿದೆ. ಆಮೇಲೆ ನೋಸ್ಕ್ರಿಪ್ಟ್ ತೆಗೆದು, ಫೈರ್‌ಫಾಕ್ಸ್ ಬ್ರೌಸರ್‌ನಲ್ಲಿ ರೇಮಂಡ್ ಹಿಲ್ ಅವರ ಯುಬ್ಲಾಕ್ ಒರಿಜಿನ್ ಎಂಬ, ಬೇಡದ್ದನ್ನು ತಡೆಯುವ ಆ್ಯಡ್-ಆನ್ ಹಾಕಿದೆ. ಅಪಾಯಕಾರಿ ತಾಣಗಳ ಪಟ್ಟಿ, ಜಾಹೀರಾತಿನ ಪಟ್ಟಿ ಮೊದಲಿನಿಂದಲೇ ಅದರಲ್ಲಿ ಇರುತ್ತವೆ. ಯಾವುದನ್ನು ಬಿಡಬೇಕು ಎಂದು ಹೆಜ್ಜೆಹೆಜ್ಜೆಗೂ ಕೇಳುವುದಿಲ್ಲ. ಪರಿಣತರಿಗೆಂದು ಇರುವ ಆಯ್ಕೆಯನ್ನು ಮುಟ್ಟಲೇ ಇಲ್ಲ. ವಿಳಾಸಗಳು ಎಚ್‌ಟಿಟಿಪಿಎಸ್‌ನಲ್ಲೇ, ಎಂದರೆ ಮಾಹಿತಿಯನ್ನು ಗೂಢಲಿಪಿಯಲ್ಲಿ ಸಾಗಿಸುವ ಬಗೆಯಲ್ಲೇ, ತೆರೆಯುವಂತೆ ಮಾಡಲು ಹಿಂದೆ ಪ್ರತ್ಯೇಕ ಆ್ಯಡ್-ಆನ್ ಬೇಕಿತ್ತು. 2020ರಿಂದ ಫೈರ್‌ಫಾಕ್ಸ್‌ನ ಸೆಟ್ಟಿಂಗ್ಸ್‌ನಲ್ಲೇ ಅದಕ್ಕೊಂದು ಆಯ್ಕೆಯಿದೆ. ಅಷ್ಟು ಮಾಡಿ ಮುಗಿಸಿದೆ.

ಮುಗಿಯಲಿಲ್ಲ. ಮಧ್ಯಾಹ್ನ ಅಕ್ಕ ಒಂದು ಸುದ್ದಿ ಪುಟ ತೆರೆದವಳು ಥಟ್ಟನೆ ಮುಚ್ಚಿದಳು. “ತಮ್ಮಾ, 23 ವೈರಸ್ ಬಂದಿದೆ.” ಮೇಲಿನ ಮೂಲೆಯ ಕೆಂಪು ಗುರುತಿನ ಮೇಲೆ 23 ಎಂದಿತ್ತು. ತಡೆದು ನಿಲ್ಲಿಸಿದ್ದರ ಲೆಕ್ಕ ಅದು. ಅವಳಿಗೆ ಒಳಗೆ ನುಗ್ಗಿದ್ದರ ಲೆಕ್ಕವಾಗಿ ಕಂಡಿತ್ತು. ಬೆಳಗಿನಿಂದ ಅಂಕಿ ಏರಿದಾಗಲೆಲ್ಲ ಅವಳು ಪುಟ ಮುಚ್ಚುತ್ತಿದ್ದದ್ದು ಏಕೆಂದು ಆಗ ಹೊಳೆಯಿತು. ಆ ಅಂಕಿ ಕಾಣದಂತೆ ಮಾಡುವ ಆಯ್ಕೆಯೂ ಇದೆ, ಅದನ್ನು ಬಳಸಿದೆ.

ಇನ್ನೊಂದು, ಮಾತಿನ ವಿಷಯ. ಅಪಾಯಕಾರಿ ತಾಣಗಳ ಪಟ್ಟಿಯಲ್ಲಿರುವ ತಾಣಕ್ಕೆ ಹೋದರೆ ಒಂದು ಎಚ್ಚರಿಕೆಯ ಪುಟ ಬರುತ್ತದೆ. ಅದರ ಗುಂಡಿಗಳಿಗೆ ಕನ್ನಡದಲ್ಲಿ ಏನು ಹೆಸರಿಡಬಹುದೆಂದು ಚೀಟಿಗಳಲ್ಲಿ ಬರೆದು ಅವಳ ಮುಂದಿಟ್ಟೆ. ‘ಹಿಂದೆ ಹೋಗಿ’, ‘ಮುಂದುವರಿಯಿರಿ’. ಅವಳ ಬೆರಳು ಓದುವ ಮೊದಲೇ ‘ಮುಂದುವರಿಯಿರಿ’ ಮೇಲಿತ್ತು. ಇರದೆ ಏನು? ಬೆಳಗಿನಿಂದ ಸಂಜೆಯವರೆಗೆ ಅರ್ಜಿಗಳಲ್ಲಿ ಅವಳು ಒತ್ತುವುದೇ ಆ ಗುಂಡಿ. ‘ಅಪಾಯವಿದ್ದರೂ ತೆರೆಯಿರಿ’ ಎಂದು ಬದಲಿಸಿದೆ, ಕೈ ನಿಂತಿತು. ‘ತಾತ್ಕಾಲಿಕವಾಗಿ ಅನುಮತಿಸಿ’ ಎಂಬುದನ್ನು ಓದಿ “ಯಾರ ಅನುಮತಿ, ತಹಶೀಲ್ದಾರರದ್ದೇ?” ಎಂದು ಕೇಳಿದಳು. ಅದು ‘ಈ ಒಂದು ಸಲಕ್ಕೆ ಬಿಡಿ’ ಆಯಿತು. ಆ್ಯಡ್-ಆನ್‌ಗಳಲ್ಲಿ ಪ್ರತಿ ಭಾಷೆಯ ಮಾತುಗಳಿಗೂ ಒಂದು ಪ್ರತ್ಯೇಕ ಕಡತವಿರುತ್ತದೆ. ಕನ್ನಡದ ಕಡತ ತುಂಬುವವರು ಒಂದು ದಿನವಾದರೂ ಇಂಥ ಅಂಗಡಿಯಲ್ಲಿ ಕುಳಿತು ಚೀಟಿ ತೋರಿಸಬೇಕೆಂದು ನನಗೆ ಬಲವಾಗಿ ಅನಿಸುತ್ತದೆ.

ಕೊನೆಗೆ ಅವಳಿಗೆ ಕಲಿಸಿದ್ದು ಒಂದೇ ಗುಂಡಿ. ಪುಟ ಕೆಟ್ಟರೆ ಕೆಂಪು ಗುರುತು ಒತ್ತಿ, ದೊಡ್ಡ ನೀಲಿ ಗುಂಡಿ ಒತ್ತಿ ಕಾವಲನ್ನು ಆರಿಸಿ, ಪುಟವನ್ನು ಮತ್ತೆ ತೆರೆಯುವುದು. “ಮತ್ತೆ ಹಾಕಲು ಮರೆತರೆ?” ಎಂದಳು. ಆರುವುದು ಆ ಒಂದು ತಾಣಕ್ಕೆ ಮಾತ್ರ, ಉಳಿದ ಕಡೆ ಕಾವಲು ಇದ್ದೇ ಇರುತ್ತದೆ ಎಂದಮೇಲೆ ಅವಳಿಗೆ ಧೈರ್ಯ ಬಂತು. ನನ್ನೆದುರು ಹತ್ತು ಸಲ ಆರಿಸಿ ಹಚ್ಚಿದಳು. ಆ ಹೆಜ್ಜೆಗಳನ್ನು ಚೀಟಿಯಲ್ಲಿ ಬರೆದು ಮಾನಿಟರ್ ಪಕ್ಕ ಅಂಟಿಸಿ ಬಂದೆ.

ದೀಪಾವಳಿಗೆ ಹೋದಾಗ ಅಂಗಡಿಗೆ ಒಬ್ಬ ಹುಡುಗಿ ಕೆಲಸಕ್ಕೆ ಸೇರಿದ್ದಳು. ನನ್ನ ಚೀಟಿ ಇರಲಿಲ್ಲ. ಅದರ ಜಾಗದಲ್ಲಿ ಅಕ್ಕನ ಅಕ್ಷರದಲ್ಲಿ ಬೇರೊಂದಿತ್ತು: “ಪುಟ ಸರಿ ಬಾರದಿದ್ದರೆ ನೀಲಿ ಗುಂಡಿ ಆರಿಸು. ಹಣ ಕಟ್ಟುವುದಿದ್ದರೆ ಮೊದಲೇ ಆರಿಸಿಕೋ, ನಡುವೆ ಮುಟ್ಟಬೇಡ.” ಎರಡನೆಯ ಸಾಲಿನ ಅಡಿಗೆ ಎರಡು ಗೆರೆ ಎಳೆದಿದ್ದಳು.