ಬಲ್ಬ್ ಆರಿಸುವ ಮೊದಲು ಬಿಸಿನೀರಿನ ಲೆಕ್ಕ

ಪರಿಸರಕ್ಕಾಗಿ ಮನೆಯಲ್ಲಿ ಏನಾದರೂ ಮಾಡೋಣ ಎಂದು ಹೊರಟವರು ಸಾಮಾನ್ಯವಾಗಿ ಬಟ್ಟೆ ಚೀಲ, ಬಿದಿರಿನ ಬ್ರಷ್ಷು, ಸ್ಟೀಲ್ ಸ್ಟ್ರಾ ಕೊಳ್ಳುವುದರಿಂದ ಶುರುಮಾಡುತ್ತಾರೆ. ನಾನು ಏನನ್ನೂ ಕೊಳ್ಳದೆ ಕರೆಂಟ್ ಮೀಟರಿನ ಮುಂದೆ ನಿಂತು ಶುರುಮಾಡಿದೆ. ಎಲ್ಲಿ ಸೋರುತ್ತಿದೆ ಎಂದು ಗೊತ್ತಿಲ್ಲದೆ ಉಳಿಸಲು ಹೊರಡುವುದು ನನಗೆ ಒಗ್ಗದ ಕೆಲಸ.

ಮೀಟರಿನಲ್ಲಿ ಪುಟ್ಟದೊಂದು ಕೆಂಪು ದೀಪ ಮಿನುಗುತ್ತಿರುತ್ತದೆ. ಅದು ಎಷ್ಟು ಸಲ ಮಿನುಗಿದರೆ ಒಂದು ಯೂನಿಟ್ ಎಂಬುದು ಮೀಟರಿನ ಮೇಲೇ ಅಚ್ಚಾಗಿರುತ್ತದೆ; ನಮ್ಮದರಲ್ಲಿ 3200. ಎಲ್ಲ ಸ್ವಿಚ್ ಆರಿಸಿ, ಒಂದೊಂದೇ ಹಾಕುತ್ತಾ ನೋಡಿದೆ. 9 ವ್ಯಾಟ್‌ನ ಎಲ್‌ಇಡಿ ಬಲ್ಬ್ ಒಂದೇ ಉರಿಯುವಾಗ ದೀಪ ಮಿನುಗುವುದು ಸುಮಾರು ಎರಡು ನಿಮಿಷಕ್ಕೊಮ್ಮೆ. 2000 ವ್ಯಾಟ್‌ನ ಗೀಸರ್ ಹಾಕಿದರೆ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಸಲ. ಆಮೇಲೆ ಕೂತು ಲೆಕ್ಕ ಹಾಕಿದೆ. 20 ಲೀಟರ್ ನೀರನ್ನು 25 ಡಿಗ್ರಿಯಿಂದ 40ಕ್ಕೆ ಏರಿಸಲು ಸುಮಾರು 0.35 ಯೂನಿಟ್ ಬೇಕು. ಅಷ್ಟರಲ್ಲಿ ಆ ಬಲ್ಬ್ 38 ಗಂಟೆ ಉರಿಯುತ್ತದೆ! ಮೊಬೈಲ್ ಚಾರ್ಜರ್ ತೆಗೆಯಲಿಲ್ಲ ಎಂದು ಮಕ್ಕಳ ಮೇಲೆ ರೇಗುವುದನ್ನು ಅಂದೇ ಬಿಟ್ಟೆ. ಫೋನ್ ಪೂರ್ತಿ ಚಾರ್ಜ್ ಆಗಲು ತಗಲುವುದೇ 0.02 ಯೂನಿಟ್ಟಿನ ಆಸುಪಾಸು.

ಹಾಗಾಗಿ ಮೊದಲು ಕೈಹಾಕಿದ್ದು ಬಿಸಿನೀರಿಗೆ. ಷವರ್ ಬದಲು ಬಕೆಟ್. ಎಲ್ಲರೂ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸುವುದು, ಕೊನೆಯವರು ಗೀಸರ್ ಆರಿಸಿ ಬರುವುದು. ಬಟ್ಟೆ ಒಗೆಯುವ ಯಂತ್ರವನ್ನು ತಣ್ಣೀರಿಗೇ ಇಟ್ಟೆ. ಅದರಲ್ಲಿ ಹೆಚ್ಚು ವಿದ್ಯುತ್ ತಿನ್ನುವುದು ನೀರು ಕಾಯಿಸುವ ಕೆಲಸವೇ. ಗೀಸರ್ ಟ್ಯಾಂಕಿನ ಉಷ್ಣತೆಯನ್ನು ಮಾತ್ರ ತೀರಾ ಇಳಿಸಲಿಲ್ಲ. ಉಗುರುಬೆಚ್ಚಗೆ ನಿಂತ ನೀರಿನಲ್ಲಿ ಲೀಜಿಯೋನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅಲ್ಲಿ ಉಳಿತಾಯ ಬೇಡ. ಟಿವಿ ಪಕ್ಕದ ಪೆಟ್ಟಿಗೆಗಳಿಗೆ ಒಂದೇ ಸ್ವಿಚ್ ಕೊಟ್ಟೆವು. ಸುಮ್ಮನೆ ಕೂತು 10 ವ್ಯಾಟ್ ಎಳೆಯುವ ಪೆಟ್ಟಿಗೆ ವರ್ಷಕ್ಕೆ 87 ಯೂನಿಟ್ ನುಂಗುತ್ತದೆ.

ಎರಡನೆಯದು ಹಸಿ ಕಸ. ಅದು ಕಸದ ಗುಡ್ಡೆಯ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ, ತೂಕಕ್ಕೆ ತೂಕ, ಮೀಥೇನ್ ಭೂಮಿಯನ್ನು ಬಿಸಿಮಾಡುವುದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು. ಅದೇ ಕಸ ಗಾಳಿಯಾಡುತ್ತಾ ಕೊಳೆತರೆ ಗೊಬ್ಬರ.

ಗೊಬ್ಬರ ಮಾಡುವುದರಲ್ಲಿ ಗುಟ್ಟೇನೂ ಇಲ್ಲ, ಒಣ ಎಲೆ ಸಾಕಷ್ಟು ಇರಬೇಕು ಅಷ್ಟೆ. ತೂತು ಕೊರೆದ ಡ್ರಮ್ಮಿಗೆ ಒಂದು ಪಾಲು ಹಸಿ ಕಸ ಸುರಿದರೆ ಮೇಲೆ ಎರಡು ಮೂರು ಪಾಲು ತರಗೆಲೆ. ಕೈಗೆ ತೆಗೆದುಕೊಂಡರೆ ಹಿಂಡಿದ ಬಟ್ಟೆಯಷ್ಟು ತೇವವಿರಬೇಕು. ನಾತ ಬಂತೆಂದರೆ ನೀರು ಹೆಚ್ಚಾಗಿದೆ, ಗಾಳಿ ಸಾಲದು. ಇನ್ನಷ್ಟು ಎಲೆ ಹಾಕಿ ಕೆದಕಿದರೆ ಹೋಗುತ್ತದೆ. ಬಿಳಿ ಬೂಷ್ಟು ಕಂಡರೆ ಹೆದರಬೇಕಿಲ್ಲ. ಬೂದುಬಣ್ಣದ ದಪ್ಪ ಹುಳುಗಳನ್ನು ನೋಡಿ ನಮ್ಮ ಅತ್ತೆಯವರು ಡ್ರಮ್ಮನ್ನೇ ಎಸೆಯಿರಿ ಎಂದಿದ್ದರು. ಅವು ಕಪ್ಪು ಸೈನಿಕ ನೊಣದ ಮರಿಗಳು; ಕಚ್ಚುವುದಿಲ್ಲ, ನಮಗಿಂತ ಚುರುಕಾಗಿ ಕಸ ಮುಗಿಸುತ್ತವೆ. ಈಗ ಅವರೇ "ಹುಳ ಕಮ್ಮಿ ಆಗಿದೆಯಲ್ಲಾ" ಎನ್ನುತ್ತಾರೆ.

ಇದು ನಿಲ್ಲದೆ ನಡೆದದ್ದು ಜಾಗದಿಂದ. ಎಲೆಯ ಚೀಲ ಡ್ರಮ್ಮಿನ ಪಕ್ಕದಲ್ಲೇ ಇದೆ, ಡ್ರಮ್ಮು ಪಾತ್ರೆ ತೊಳೆಯುವ ಜಾಗದ ಪಕ್ಕದಲ್ಲಿದೆ. ರಾತ್ರಿ ಪಾತ್ರೆ ತೊಳೆದವರು ಅದೇ ಕೈಯಲ್ಲಿ ಕಸವನ್ನೂ ಹಾಕಿ ಬರುತ್ತಾರೆ. ಡ್ರಮ್ಮು ಮಹಡಿಯ ಮೇಲಿದ್ದರೆ ಇಷ್ಟು ಹೊತ್ತಿಗೆ ನಿಂತುಹೋಗುತ್ತಿತ್ತು, ಎಷ್ಟೇ ಪರಿಸರಪ್ರೇಮ ಇದ್ದರೂ.

ನೀರಿನ ವಿಷಯ ಚಿಕ್ಕದು. ರಾತ್ರಿ ನಲ್ಲಿಗಳನ್ನೆಲ್ಲ ನಿಲ್ಲಿಸಿ ನೀರಿನ ಮೀಟರಿನ ಅಂಕಿ ಬರೆದಿಟ್ಟುಕೊಳ್ಳಿ. ಬೆಳಗ್ಗೆ ಅಂಕಿ ಬದಲಾಗಿದ್ದರೆ ಎಲ್ಲೋ ಸೋರಿಕೆ ಇದೆ, ಬಹುಪಾಲು ಫ್ಲಷ್ ಟ್ಯಾಂಕಿನಲ್ಲಿ.

ಇನ್ನು ಆ ಬಟ್ಟೆ ಚೀಲ. ಡೆನ್ಮಾರ್ಕಿನ ಪರಿಸರ ಸಂರಕ್ಷಣಾ ಸಂಸ್ಥೆ 2018ರಲ್ಲಿ ಒಂದು ವರದಿ ಪ್ರಕಟಿಸಿತು. ಹವಾಮಾನವೊಂದನ್ನೇ ನೋಡಿದರೂ, ಸಾಮಾನ್ಯ ಹತ್ತಿ ಚೀಲವನ್ನು 52 ಸಲ ಬಳಸಿದರೆ ಮಾತ್ರ ಅದು ಪ್ಲಾಸ್ಟಿಕ್ ಚೀಲಕ್ಕೆ ಸಮ. ಉಳಿದೆಲ್ಲ ಪರಿಣಾಮ ಸೇರಿಸಿದರೆ 7100 ಸಲ. ಎಸೆದ ಪ್ಲಾಸ್ಟಿಕ್ ಮಣ್ಣು, ಸಮುದ್ರ ಸೇರಿ ಮಾಡುವ ಹಾನಿ ಆ ಲೆಕ್ಕದಲ್ಲಿಲ್ಲ, ಹಾಗಾಗಿ ಪ್ಲಾಸ್ಟಿಕ್ಕೇ ವಾಸಿ ಎಂದು ನಾನು ಹೇಳುತ್ತಿಲ್ಲ. ಆದರೆ ಹೊಸ ಚೀಲ ಕೊಳ್ಳುವುದು ಪರಿಸರ ಸೇವೆಯಲ್ಲ ಎಂಬುದಂತೂ ಖಚಿತವಾಯಿತು. ಮನೆಯಲ್ಲಿರುವ ಚೀಲಗಳು, ಪ್ಲಾಸ್ಟಿಕ್ಕಿನವೂ ಸೇರಿ, ಬಾಗಿಲ ಕೊಕ್ಕೆಯಲ್ಲಿ ತೂಗುತ್ತವೆ. ಹರಿಯುವ ತನಕ ಅವೇ. ಸಮಾರಂಭಗಳಲ್ಲಿ ಉಡುಗೊರೆಯಾಗಿ ಕೊಡುವ ಬಟ್ಟೆ ಚೀಲವನ್ನು ಈಗ ಬೇಡ ಎನ್ನುತ್ತೇನೆ. ಕೊಡುವವರ ಮುಖ ಸ್ವಲ್ಪ ಸಪ್ಪಗಾಗುತ್ತದೆ.