ಕ್ಯಾಟ್‌ಫಿಷ್ ಮರಿಯೆಂದು ಕೊಟ್ಟದ್ದು ಆಫ್ರಿಕಾದ ಕಪ್ಪೆ

ಅಕ್ವೇರಿಯಂ ಅಂಗಡಿಯಲ್ಲಿ ಹೇಳುವ ಹೆಸರನ್ನು ನಂಬಿಕೊಂಡು ಗೊದಮೊಟ್ಟೆ ಸಾಕಲು ಹೋಗಬಾರದು. ಅವರಿಗೆ ಅದು ಮೀನುಗಳ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಬಂದಿಳಿದ ಸರಕು, ಅಷ್ಟೇ. ಹಾಸನದ ಅಂಗಡಿಯೊಂದರಲ್ಲಿ ನಾನು ಬೆರಳು ತೋರಿಸಿದ ಮರಿಗಳನ್ನು ನೋಡಿ ಕೆಲಸದ ಹುಡುಗ, ‘ಕ್ಯಾಟ್‌ಫಿಷ್ ಮರಿ ಸರ್, ಬೇಗ ದೊಡ್ಡದಾಗುತ್ತವೆ’ ಎಂದ. ಪಕ್ಕದಲ್ಲಿದ್ದ ಗಿರಾಕಿಯೊಬ್ಬರು ‘ಕಪ್ಪೆ ಮರಿಯಲ್ಲವೇನಪ್ಪಾ ಅದು?’ ಎಂದು ಕೇಳಿದರು. ಹುಡುಗ ಅದಕ್ಕೂ ಹೌದೆಂದು ತಲೆಯಾಡಿಸಿದ. ಯಾವುದಾದರೂ ಬೆಲೆಯೇನೂ ಬದಲಾಗುತ್ತಿರಲಿಲ್ಲ.

ಹುಡುಗನದು ತಪ್ಪೆನ್ನಲಾರೆ. ಆ ಮರಿಗಳ ಬಾಯಿಯ ಎರಡು ಮೂಲೆಗಳಿಂದಲೂ ಒಂದೊಂದು ಉದ್ದನೆಯ ಮೀಸೆ ಇಳಿದಿತ್ತು. ಆದರೆ ಕ್ಯಾಟ್‌ಫಿಷ್ ಮರಿಗೆ ಎದೆಯ ಪಕ್ಕ ಜೋಡಿ ಈಜುರೆಕ್ಕೆ ಇರುತ್ತದೆ, ಇವಕ್ಕೆ ಇರಲಿಲ್ಲ. ಮೈ ಪಾರದರ್ಶಕ, ಕರುಳಿನ ಸುರುಳಿಯೂ ಮಿಡಿಯುವ ಹೃದಯವೂ ಹೊರಗಿನಿಂದಲೇ ಕಾಣುತ್ತಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ ನಿಂತ ಭಂಗಿ: ನಡುನೀರಿನಲ್ಲಿ ತಲೆ ಕೆಳಗೆ, ಬಾಲ ಮೇಲೆ, ಓರೆಯಾಗಿ ತೂಗಿಬಿದ್ದು ಬಾಲದ ಎಳೆತುದಿಯನ್ನು ಮಾತ್ರ ಬಿಡದೆ ಅದುರಿಸುತ್ತಿದ್ದವು. ನಮ್ಮ ಗದ್ದೆಗಳ ಮೈಕ್ರೋಹೈಲಾ ಜಾತಿಯ ಪುಟ್ಟ ಕಪ್ಪೆಗಳ ಗೊದಮೊಟ್ಟೆಗಳೂ ಪಾರದರ್ಶಕವೇ, ಅವೂ ನಡುನೀರಿನಲ್ಲಿ ನಿಲ್ಲುತ್ತವೆ. ಆದರೆ ಮೀಸೆ ಇಲ್ಲ. ಮೀಸೆ, ಭಂಗಿ ಎರಡೂ ಕೂಡಿದರೆ ಅದು ಕ್ಸೆನೋಪಸ್ ಲೇವಿಸ್, ಸಹಾರಾದ ದಕ್ಷಿಣದ ಆಫ್ರಿಕಾದಿಂದ ಬಂದ ಉಗುರುಗಪ್ಪೆ. 1962ರಲ್ಲಿ ಬ್ರಿಟನ್ನಿನ ಜೀವವಿಜ್ಞಾನಿ ಜಾನ್ ಗರ್ಡನ್ ಪ್ರಕಟಿಸಿದ ತದ್ರೂಪಿ (ಕ್ಲೋನಿಂಗ್) ಪ್ರಯೋಗ ಇದೇ ಕಪ್ಪೆಯ ಗೊದಮೊಟ್ಟೆಯ ಕರುಳಿನ ಕೋಶಗಳಿಂದ ಆದದ್ದು. ಅದಕ್ಕಾಗಿ ಅವರಿಗೆ 2012ರಲ್ಲಿ ನೊಬೆಲ್ ಬಂತು. ಅಂಥ ಪ್ರಾಣಿ ಹಾಸನದಲ್ಲಿ ಮೀನಿನ ಹೆಸರು ಹೊತ್ತು ಬಿಕರಿಯಾಗುತ್ತಿತ್ತು. ಕೆಲವನ್ನು ಕೊಂಡು ಮನೆಗೆ ತಂದೆ.

ನಮ್ಮ ಮನೆಯ ಹಿಂದಿನ ಸಿಮೆಂಟ್ ತೊಟ್ಟಿಯಲ್ಲಿ ಆಗಲೇ ಇನ್ನೊಂದು ಸಂಸಾರವಿತ್ತು. ಮಳೆ ಹಿಡಿದ ಮೇಲೆ ತೊಟ್ಟಿಯ ಅಂಚಿನಲ್ಲಿ ಮರಗಪ್ಪೆ ನೊರೆಗೂಡು ಕಟ್ಟಿ, ಮರಿಗಳು ಅದರಿಂದ ಕಳಚಿ ನೀರಿಗೆ ಬಿದ್ದಿದ್ದವು. ಮೂತಿಯ ತುದಿಯಲ್ಲಿ ಬೆಳ್ಳಗಿನ ಚುಕ್ಕೆ ಇದ್ದರೆ ಅದು ಮನೆ ಬಚ್ಚಲಿನ ಗೋಡೆಗೆ ಅಂಟಿಕೊಳ್ಳುತ್ತದಲ್ಲ, ಆ ಪಾಲಿಪೆಡೇಟಿಸ್ ಮರಗಪ್ಪೆಯ ಮರಿ ಎಂದು ತಿಳಿಯಬಹುದು. ಒಂದನ್ನು ಗಾಜಿನ ಲೋಟದಲ್ಲಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಬಾಯಿಯಲ್ಲಿ ಕಪ್ಪು ಕೊಕ್ಕು, ಅದರ ಮೇಲೂ ಕೆಳಗೂ ಸಣ್ಣ ಹಲ್ಲಿನ ಸಾಲುಗಳು. ಕೆರೆದು ತಿನ್ನುವ ಬಾಯಿ ಅದು. ಅಂಗಡಿಯ ಮರಿಗೆ ಕೊಕ್ಕೂ ಇಲ್ಲ, ಹಲ್ಲೂ ಇಲ್ಲ. ಬರೀ ಅಗಲವಾದ ಸೀಳು. ಅದು ನೀರನ್ನು ಒಳಗೆಳೆದು ಸೋಸಿ ತಿನ್ನುತ್ತದೆ.

ಜಾತಿ ಗುರುತಿಸುವುದರ ಪ್ರಯೋಜನ ಇಲ್ಲೇ ಇರುವುದು. ಗೊದಮೊಟ್ಟೆಗೆ ಬೇಯಿಸಿದ ಪಾಲಕ್ ಹಾಕಿ ಎಂದು ಎಲ್ಲರೂ ಹೇಳುತ್ತಾರೆ. ಕಟ್ಟಿನಕೆರೆ ಮಾರುಕಟ್ಟೆಯಿಂದ ತಂದ ಪಾಲಕ್ಕನ್ನು ಬೇಯಿಸಿ ತೊಟ್ಟಿಗೆ ಹಾಕಿದರೆ ಮರಗಪ್ಪೆಯ ಮರಿಗಳು ನಾರು ಮಾತ್ರ ಉಳಿಸುತ್ತಿದ್ದವು. ಅದೇ ಎಲೆಯನ್ನು ಕ್ಸೆನೋಪಸ್ ಮರಿಗಳ ಮುಂದಿಟ್ಟರೆ ಉಪವಾಸ ಸಾಯುತ್ತವೆ, ಎಲೆ ಕೊಳೆತು ನೀರೂ ಕೆಡುತ್ತದೆ. ಇವಕ್ಕೆ ಬೇಕಾದದ್ದು ನೀರಿನಲ್ಲಿ ತೇಲುವ ನುಣ್ಣನೆಯ ಪುಡಿ. ಸ್ಪಿರುಲಿನಾ ಎಂಬ ಹಸಿರು ಪಾಚಿಯ ಪುಡಿಯನ್ನು ಚಿಟಿಕೆಯಷ್ಟು ಲೋಟದ ನೀರಿಗೆ ಹಾಕಿ ಚೆನ್ನಾಗಿ ಕದಡಿ, ತೆಳು ಬಟ್ಟೆಯಲ್ಲಿ ಸೋಸಿ ಸುರಿಯುತ್ತಿದ್ದೆ. ಸಂಜೆ ಇವುಗಳ ನೀರು ತಿಳಿಹಸಿರಾಗುತ್ತಿತ್ತು. ಬೆಳಿಗ್ಗೆ ನೀರು ಮತ್ತೆ ಸ್ವಚ್ಛ, ಮರಿಗಳ ಹೊಟ್ಟೆ ಮಾತ್ರ ಹಸಿರು. ಬೆಳಿಗ್ಗೆಯೂ ಹಸಿರು ಉಳಿದಿದ್ದರೆ ಹಿಂದಿನ ದಿನದ ಅಳತೆ ಹೆಚ್ಚಾಯಿತೆಂದು ಲೆಕ್ಕ, ಆ ದಿನ ಊಟ ರಜೆ. ಇದಕ್ಕಿಂತ ಸರಳವಾದ ಅಳತೆಗೋಲು ಬೇಕಿಲ್ಲ.

ನೀರಿನ ವಿಷಯ. ಹಾಸನಕ್ಕೆ ನಲ್ಲಿಯಲ್ಲಿ ಬರುವುದು ಹೇಮಾವತಿ ನೀರು, ಅದರಲ್ಲಿ ಕ್ಲೋರಿನ್ ಇರುತ್ತದೆ. ಅಗಲ ಬಾಯಿಯ ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟೇ ಬಳಸುತ್ತಿದ್ದೆ. ಒಮ್ಮೆಗೆ ಕಾಲು ಭಾಗಕ್ಕಿಂತ ಹೆಚ್ಚು ಬದಲಿಸಲಿಲ್ಲ. ತಾಮ್ರದ ಕೊಡದಲ್ಲಿಟ್ಟ ನೀರು ನಮಗೆ ಒಳ್ಳೆಯದೆನ್ನುತ್ತಾರೆ, ಗೊದಮೊಟ್ಟೆಗೆ ಮಾತ್ರ ತಾಮ್ರ ವಿಷ. ಸಕಲೇಶಪುರ, ಮೂಡಿಗೆರೆ ಕಡೆಯ ತೋಟದವರು ಇದನ್ನು ವಿಶೇಷವಾಗಿ ನೆನಪಿಡಬೇಕು: ಕಾಫಿಗೂ ಅಡಿಕೆಗೂ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವುದು ಮೈಲುತುತ್ತ, ಎಂದರೆ ತಾಮ್ರದ ಲವಣ. ಸಿಂಪಡಣೆ ನಡೆದ ಮೇಲೆ ತೋಟದ ಹೊಂಡದಿಂದ ನೀರು ತರಬೇಡಿ, ಆ ಡ್ರಮ್ಮನ್ನು ಎಷ್ಟು ತೊಳೆದಿದ್ದರೂ ಈ ಕೆಲಸಕ್ಕೆ ಮುಟ್ಟಬೇಡಿ.

ಗಾಳಿಯ ಪಂಪ್ ಜೋರಾಗಿ ಬಿಟ್ಟರೆ ತೂಗಿ ನಿಂತ ಮರಿಗಳು ಹೊರಳಾಡಿ ಸುಸ್ತಾಗುತ್ತವೆ. ಸ್ಪಂಜಿನ ಫಿಲ್ಟರ್‌ಗೆ ಒಂದೊಂದೇ ಗುಳ್ಳೆ ಬರುವಷ್ಟು ಗಾಳಿ ಸಾಕು. ಹೀಟರ್ ಬೇಕಾಗಲಿಲ್ಲ, 18ರಿಂದ 24 ಡಿಗ್ರಿ ಇವಕ್ಕೆ ಹಿತ, ಮಳೆಗಾಲದ ಹಾಸನದಲ್ಲಿ ಅದಕ್ಕೆ ಬರವಿಲ್ಲ.

ಹಿಂಗಾಲು ಮೊದಲು ಮೂಡುತ್ತದೆ. ಮುಂಗಾಲು ಚರ್ಮದಡಿಯಲ್ಲೇ ಬೆಳೆದಿದ್ದು ಕೊನೆಗೆ ಒಮ್ಮೆಲೇ ಹೊರಬರುತ್ತದೆ. ಆ ಹಂತದಲ್ಲಿ ಬಾಯಿಯೂ ಕರುಳೂ ಹೊಸದಾಗಿ ರೂಪುಗೊಳ್ಳುವುದರಿಂದ ಮರಿ ಏನೂ ತಿನ್ನುವುದಿಲ್ಲ, ಬಾಲವನ್ನೇ ಕರಗಿಸಿಕೊಂಡು ಬದುಕುತ್ತದೆ. ಆಗ ಪುಡಿ ಸುರಿಯುವುದು ವ್ಯರ್ಥ. ತೊಟ್ಟಿಯ ಮರಗಪ್ಪೆ ಮರಿಗಳಿಗೆ ಹತ್ತಿ ಹೊರಬರಲು ಒಂದು ಹಲಗೆಯನ್ನು ಓರೆಯಾಗಿ ಇಟ್ಟೆ. ಇಲ್ಲದಿದ್ದರೆ ಕಿವಿರು ಹೋಗಿ ಶ್ವಾಸಕೋಶ ಬಂದ ಮರಿ ನೀರಿನಲ್ಲೇ ಮುಳುಗಿ ಸಾಯುತ್ತದೆ. ಅವು ಒಂದೊಂದಾಗಿ ದಾಸವಾಳದ ಗಿಡ ಸೇರಿದವು. ಕ್ಸೆನೋಪಸ್‌ಗೆ ಹಲಗೆ ಬೇಡ, ಅದು ಬದುಕಿಡೀ ನೀರಿನಲ್ಲೇ ಇರುವ ಕಪ್ಪೆ. ಮೀಸೆ ಕುಗ್ಗಿ, ಹಿಂಗಾಲಿನ ಒಳಗಿನ ಮೂರು ಬೆರಳುಗಳಲ್ಲಿ ಕಪ್ಪು ಉಗುರು ಕಂಡಾಗ ನನ್ನ ಗುರುತು ಖಚಿತವಾಯಿತು.

ಊಟದ ರೀತಿಯೇ ಬೇರೆಯಾಗುತ್ತದೆ. ಇದಕ್ಕೆ ನಾಲಿಗೆ ಇಲ್ಲ. ಟ್ಯೂಬಿಫೆಕ್ಸ್ ಹುಳು ಬೀಳಿಸಿದರೆ ಎರಡೂ ಮುಂಗೈಗಳಿಂದ ಗಬಗಬನೆ ಬಾಯಿಗೆ ತುರುಕಿಕೊಳ್ಳುತ್ತದೆ, ಹಬ್ಬದ ಪಂಕ್ತಿಯಲ್ಲಿ ಹಸಿದು ಕೂತ ಮಗುವಿನ ಹಾಗೆ. ಪಕ್ಕದಲ್ಲಿ ಮೀನು ಇದ್ದರೆ ಅದೂ ಅದೇ ದಾರಿ ಹಿಡಿಯುತ್ತದೆ. ಹಾಗಾಗಿ ಇದನ್ನು ಗಪ್ಪಿಯಂಥ ಪುಟ್ಟ ಮೀನುಗಳ ಜೊತೆ ಬಿಡುವ ಮಾತೇ ಇಲ್ಲ. ಮುಚ್ಚಳದ ಮೇಲೆ ಭಾರವನ್ನೂ ಇಡಬೇಕು, ಸಂದು ಸಿಕ್ಕರೆ ಹಾರಿ ಹೊರಬೀಳುತ್ತದೆ.

ಆಲೂರಿನ ಪರಿಚಿತರೊಬ್ಬರು ತಮ್ಮ ಕೃಷಿ ಹೊಂಡಕ್ಕೆ ನಾಲ್ಕು ಕೊಡಿ, ಸೊಳ್ಳೆ ಮರಿ ತಿನ್ನಲಿ ಎಂದರು. ಕೊಡಲಿಲ್ಲ. ಚಿಲಿ, ಫ್ರಾನ್ಸ್, ಕ್ಯಾಲಿಫೋರ್ನಿಯಾಗಳಲ್ಲಿ ಹೀಗೆ ಹೊರಬಿದ್ದ ಉಗುರುಗಪ್ಪೆಗಳು ಅಲ್ಲಿನ ಕೊಳಗಳಲ್ಲಿ ಬೀಡುಬಿಟ್ಟಿವೆ. ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಶಿಲೀಂಧ್ರವನ್ನು ತಾವು ಕಾಯಿಲೆ ಬೀಳದೆಯೇ ಹೊತ್ತು ತಿರುಗಬಲ್ಲವು. ಇತ್ತ ನಮ್ಮ ಮಲೆನಾಡಿನಲ್ಲಿ 1937ರಲ್ಲಿ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣ ರಾವ್ ವಿವರಿಸಿದ, ಕೊಟ್ಟಿಗೆಹಾರದ ಹೆಸರನ್ನೇ ಪಡೆದ ಕುಣಿಯುವ ಕಪ್ಪೆಯಂಥವು ಇವೆ. ಪಶ್ಚಿಮ ಘಟ್ಟ ಬಿಟ್ಟರೆ ಅವಕ್ಕೆ ಬೇರೆ ನೆಲೆಯಿಲ್ಲ. ಅದಕ್ಕೇ ಅಂಗಡಿಯ ಮರಿಗಳಿಗೆ ಬೇರೆ ಬಲೆ, ಬೇರೆ ಮಗ್ಗು ಇಟ್ಟಿದ್ದೇನೆ. ಬದಲಿಸಿದ ನೀರನ್ನು ಚರಂಡಿಗೆ ಬಿಡುವುದಿಲ್ಲ, ಬಿಸಿಲು ಬೀಳುವ ಕುಂಡಗಳಿಗೆ ಹಾಕುತ್ತೇನೆ. ಬಲೆಯನ್ನು ಪೂರ್ತಿ ಒಣಗಿಸಿದ ಮೇಲಷ್ಟೇ ಎತ್ತಿಡುತ್ತೇನೆ. ಸಾಕಿದರೆ ಇವು ಹದಿನೈದು ವರ್ಷ ದಾಟಿಯೂ ಬದುಕುತ್ತವೆ ಎಂಬುದನ್ನು ಮರಿ ಕೊಳ್ಳುವಾಗ ಅಂಗಡಿಯವರು ಹೇಳುವುದಿಲ್ಲ, ನೀವೇ ಲೆಕ್ಕ ಹಾಕಿಕೊಳ್ಳಬೇಕು.