ಹಿಂದಿ ಪೊಲೀಸ್ ಸಿನಿಮಾಗೆ ಕನ್ನಡ ಮಾತು ಬರೆದೆ: ನನ್ನ ಅನುಭವ

ಹೋದ ಮಳೆಗಾಲದಲ್ಲಿ ಒಂದು ಹಿಂದಿ ಆಕ್ಷನ್ ಸಿನಿಮಾಗೆ ಕನ್ನಡ ಡಬ್ಬಿಂಗ್ ಮಾತು ಬರೆದೆ. ಕಥೆ ನಿಮಗೆ ಗೊತ್ತಿರೋ ಥರದ್ದೇ. ಉತ್ತರ ಪ್ರದೇಶದ ಪೂರ್ವದ ಕಡೆಯ ಒಂದು ಊರು. ಅಲ್ಲಿಗೆ ವರ್ಗವಾಗಿ ಬರುವ ಒಬ್ಬ ಪೊಲೀಸ್ ಅಧಿಕಾರಿ. ಇಡೀ ಊರನ್ನ ಕೈಯಲ್ಲಿಟ್ಟುಕೊಂಡ ಒಬ್ಬ ಗ್ಯಾಂಗ್‌ಸ್ಟರ್. 140 ನಿಮಿಷ, ಗುಂಡು, ಜೀಪು, ಮಳೆಯಲ್ಲೊಂದು ಫೈಟು. ಒಪ್ಪಂದದ ಪ್ರಕಾರ ಸಿನಿಮಾದ ಹೆಸರು ಹೇಳುವ ಹಾಗಿಲ್ಲ. ಕೆಲಸ ಹೇಗೆ ಮಾಡಿದೆ ಅನ್ನೋದನ್ನ ಹೇಳಬಹುದು, ಹೇಳಲೇಬೇಕು ಅಂತಲೂ ಅನ್ನಿಸಿದೆ. ಯಾಕಂದ್ರೆ ನಾನು ಶುರು ಮಾಡಿದಾಗ ಕೇಳಿ ಕಲಿಯೋಣ ಅಂದ್ರೆ ಈ ಕೆಲಸದ ಬಗ್ಗೆ ಕನ್ನಡದಲ್ಲಿ ಬರೆದವರು ನನಗೆ ಸಿಗಲಿಲ್ಲ.

ಅದಕ್ಕೆ ಕಾರಣ ಇದೆ. 1960ರ ದಶಕದಿಂದ ಕನ್ನಡದಲ್ಲಿ ಡಬ್ಬಿಂಗ್ ಸಿನಿಮಾ ನಿಂತೇ ಹೋಗಿತ್ತು. ಅದನ್ನ ತಡೆಯೋ ಕಾನೂನು ಇರಲಿಲ್ಲ, ಉದ್ಯಮದವರೇ ಬೇಡ ಅಂತ ತಡೆದಿದ್ದರು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಹಾಗೆ ತಡೆಯೋದು ತಪ್ಪು ಅಂತ ಆದೇಶ ಕೊಟ್ಟಿತು. 2017ರಲ್ಲಿ ತಮಿಳಿಂದ ಡಬ್ ಆದ ‘ಸತ್ಯದೇವ್ ಐಪಿಎಸ್’ ಬಂತು. ಅಷ್ಟು ವರ್ಷದ ಮೇಲೆ ಬಂದದ್ದೂ ಒಂದು ಪೊಲೀಸ್ ಕಥೆಯೇ ನೋಡಿ. 2019ರ ಡಿಸೆಂಬರ್‌ನಲ್ಲಿ ‘ದಬಂಗ್ 3’ ಕನ್ನಡದಲ್ಲೂ ಬಂತು, ಅದರಲ್ಲಿ ಪೊಲೀಸ್ ಸಲ್ಮಾನ್ ಖಾನ್, ವಿಲನ್ ನಮ್ಮ ಸುದೀಪ್. ಡಬ್ಬಿಂಗ್ ಬೇಕೋ ಬೇಡವೋ ಅನ್ನೋ ಜಗಳಕ್ಕೆ ನಾನು ಹೋಗಲ್ಲ. ನನಗೆ ಸಂಕಟ ಬೇರೆ. ಅರ್ಧ ಶತಮಾನ ಕೈಬಿಟ್ಟ ಕೆಲಸ ಇದು. ಕನ್ನಡ ಬಾರದ ನಟಿಯರಿಗೆ ದನಿ ಕೊಡೋ ಒಳ್ಳೊಳ್ಳೆ ಕಲಾವಿದರು ನಮ್ಮಲ್ಲಿ ಯಾವಾಗಲೂ ಇದ್ದರು. ಆದರೆ ಆ ನಟಿಯರ ತುಟಿ ಹೇಳಿಕೊಟ್ಟ ಕನ್ನಡವನ್ನೇ ಆಡುತ್ತಿತ್ತು. ಇಲ್ಲಿ ತುಟಿ ಹಿಂದಿ ಆಡುತ್ತೆ, ಕಿವಿಗೆ ಕನ್ನಡ ಕೇಳಬೇಕು. ಎರಡೂ ಬೇರೆ ಬೇರೆ ಕಸುಬು.

ನಾನು ರಾಯಚೂರಿನವಳು. ಬೆಂಗಳೂರಿಗೆ ಬಂದು 16 ವರ್ಷ ಆಯ್ತು. ನಮ್ಮ ಓಣಿಯಲ್ಲಿ ಕನ್ನಡದ ಜೊತೆ ದಖನಿ ಉರ್ದು ಕೇಳುತ್ತಾ ಬೆಳೆದಿದ್ದರಿಂದ ಹಿಂದಿ ಕಷ್ಟ ಅಲ್ಲ. ಸೀರಿಯಲ್‌ಗೆ ಸಂಭಾಷಣೆ ಬರೆಯುತ್ತಿದ್ದೆ. ನಾಗರಬಾವಿಯ ಒಂದು ಸಣ್ಣ ಸ್ಟುಡಿಯೋದಿಂದ ಫೋನ್ ಬಂತು, ಹೋದೆ.

ಮೊದಲು ತುಟಿಯ ವಿಷಯ. ಪ, ಬ, ಮ ಅನ್ನುವಾಗ ತುಟಿ ಮುಚ್ಚಲೇಬೇಕು. ಸೆಕೆಂಡಿಗೆ 24 ಫ್ರೇಮ್ ಓಡುತ್ತೆ. ಕ್ಲೋಸಪ್‌ನಲ್ಲಿ ತುಟಿ ಮುಚ್ಚಿರೋ ಫ್ರೇಮಲ್ಲಿ ‘ಆ’ ಕೇಳಿದರೆ ನೋಡುವವರಿಗೆ ಏನು ತಪ್ಪಾಗಿದೆ ಅಂತ ಹೇಳೋಕೆ ಬರದಿದ್ದರೂ, ಏನೋ ಸರಿ ಇಲ್ಲ ಅಂತ ಗೊತ್ತಾಗಿಬಿಡುತ್ತೆ. ಒಂದು ಉದಾಹರಣೆ ಕೊಡ್ತೀನಿ. ‘ಮೈ ತುಝೆ ನಹೀ ಛೋಡೂಂಗಾ.’ ಇಂಥ ಸಿನಿಮಾದಲ್ಲಿ ಈ ಮಾತು ಇದ್ದೇ ಇರುತ್ತೆ. ಮೊದಲ ಸಲ ‘ನಿನ್ನ ಬಿಡಲ್ಲ ಕಣೋ’ ಅಂತ ಬರೆದೆ. ಮಾತು ಚೆನ್ನಾಗೇ ಇದೆ. ಆದರೆ ಹಿಂದಿಯಲ್ಲಿ ಶುರುವಿಗೇ ತುಟಿ ಮುಚ್ಚಿದೆ, ಆಮೇಲೆ ಕೊನೆವರೆಗೆ ಮುಚ್ಚೋದೇ ಇಲ್ಲ. ನಂದರಲ್ಲಿ ‘ಬಿ’ ನಡುವೆ ಬಂದು ಕೂತಿದೆ. ಬೆರಳಲ್ಲಿ ಎಣಿಸಿ ಎಣಿಸಿ ಕೊನೆಗೆ ‘ಮಗನೇ, ನಿನ್ನುಳಿಸಲ್ಲ’ ಅಂತ ಆಯ್ತು. ಹಿಂದಿಯಲ್ಲೂ ಉಚ್ಚಾರದ ಎಂಟು ತುಂಡು, ಇಲ್ಲೂ ಎಂಟು. ಶುರುವಿಗೆ ‘ಮ’, ಕೊನೆಗೆ ಬಾಯಿ ತೆರೆದ ‘ಅ’. ಒಂದು ಸಾಲಿಗೆ ಅವತ್ತು 40 ನಿಮಿಷ ಹೋಯ್ತು.

‘ಗೋಲಿ ಮಾರ್ ದೂಂಗಾ’ ಬೇಗ ಸಿಕ್ಕಿತು. ‘ಗುಂಡು ಹಾರಿಸುತ್ತೇನೆ’ ಅಂದ್ರೆ ಪೇಪರ್ ಓದಿದ ಹಾಗಿರುತ್ತೆ. ‘ಸುಟ್ಟಾಕ್ಬಿಡ್ತೀನಿ’ ಅಂದೆ. ‘ಮಾರ್’ ಬರೋ ಜಾಗದಲ್ಲೇ ‘ಬಿಡ್’ ಬರುತ್ತೆ, ತುಟಿ ಸರಿಯಾಗಿ ಮುಚ್ಚುತ್ತೆ. ಕೊನೆಯ ಸ್ವರ ಹೊಂದಲ್ಲ ನಿಜ, ಅಷ್ಟರಲ್ಲಿ ಕ್ಯಾಮೆರಾ ಪಿಸ್ತೂಲಿನ ಮೇಲೆ ಹೋಗಿರುತ್ತೆ. ಹೀಗೆ ಪ್ರತಿ ಸಾಲಿಗೂ ಕ್ಯಾಮೆರಾ ಎಲ್ಲಿದೆ ಅಂತ ಪಕ್ಕದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೇದು. ಬೆನ್ನು ಕಾಣೋ ಶಾಟ್ ಸಿಕ್ಕರೆ ಹಬ್ಬ. ಅಲ್ಲಿ ನಿಮಗೆ ಬೇಕಾದ ಕನ್ನಡ ಬರೆಯಬಹುದು.

ಇನ್ನೊಂದು ‘ತೀನ್ ಸೌ ದೋ’. ಕೊಲೆ ಕೇಸಿನ ಕಲಂ. 2024ರ ಜುಲೈ 1ರಿಂದ ಹೊಸ ಕಾನೂನು ಬಂದು ಅದು 103 ಆಗಿದೆ, ಬದಲಿಸೋಣ್ವಾ ಅಂತ ಸ್ಟುಡಿಯೋದಲ್ಲಿ ಕೇಳಿದರು. ಕಥೆ ನಡೆಯೋದು ಅದಕ್ಕಿಂತ ಮುಂಚೆ, ಹಾಗಾಗಿ ಬೇಡ ಅಂದೆ. ‘ಮುನ್ನೂರ ಎರಡು’ ಅಂದ್ರೆ ತುಂಬಾ ಉದ್ದ. ನಮ್ಮ ಸ್ಟೇಷನ್‌ಗಳಲ್ಲಿ ಎಲ್ಲರೂ ಹೇಳೋ ಹಾಗೆ ‘ತ್ರೀ ನಾಟ್ ಟೂ’ ಅಂತಲೇ ಬರೆದೆ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು.

ಆದರೆ ಬೆಂಗಳೂರಿನ ಪೊಲೀಸ್ ಮಾತನ್ನೆಲ್ಲ ಹಾಗೇ ತಗೊಂಡು ಹಾಕೋಕೂ ಆಗಲ್ಲ. ‘ಹೊಯ್ಸಳ ಕಳಿಸಿ’ ಅಂತ ಒಂದು ಕಡೆ ಕೈ ತಾನಾಗೇ ಬರೆದುಬಿಟ್ಟಿತ್ತು. ಹೊಯ್ಸಳ ಅನ್ನೋ ಪೊಲೀಸ್ ಗಸ್ತು ಗಾಡಿ ಬೆಂಗಳೂರಿನದು. ಗಂಗೆಯ ದಡದ ಊರಲ್ಲಿ ಅದು ಎಲ್ಲಿಂದ ಬರಬೇಕು? ‘ಜೀಪ್ ಕಳಿಸಿ’ ಅಂತ ತಿದ್ದಿದೆ. ಲಾಂಗು, ಮಚ್ಚು ಕೂಡ ಹಾಗೇ. ಅವು ನಮ್ಮ ರೌಡಿ ಸಿನಿಮಾಗಳ ಆಯುಧ, ಅಲ್ಲಿ ಎಲ್ಲರ ಸೊಂಟದಲ್ಲೂ ಕಟ್ಟಾ ಅನ್ನೋ ನಾಡ ಪಿಸ್ತೂಲು. ‘ಸಿಓ ಸಾಹಬ್’ ಅಂದ್ರೆ ಅಲ್ಲಿ ಸರ್ಕಲ್ ಆಫೀಸರ್, ಡೆಪ್ಯುಟಿ ಎಸ್‌ಪಿ ದರ್ಜೆಯವರು. ನಮ್ಮ ಸರ್ಕಲ್ ಇನ್ಸ್‌ಪೆಕ್ಟರ್ ಅಂದ್ಕೊಂಡು ಬರೆದರೆ ಒಂದು ಮೆಟ್ಟಿಲು ಕೆಳಗೆ ಇಳಿಸಿದ ಹಾಗೆ. ‘ಡಿವೈಎಸ್‌ಪಿ ಸಾಹೇಬ್ರು’ ಅಂತ ಮಾಡಿದೆ.

ಈಗ ನನಗೆ ಜಾಸ್ತಿ ತಲೆ ತಿಂದ ಎರಡು ವಿಷಯ.

ಗ್ಯಾಂಗ್‌ಸ್ಟರ್ ಆಡೋ ಹಿಂದಿಯಲ್ಲಿ ಭೋಜ್‌ಪುರಿ ತುಂಬಿದೆ. ಹಾಗಾದ್ರೆ ಅವನ ಬಾಯಿಗೆ ಕಲಬುರಗಿ ಕಡೆ ಕನ್ನಡ ಹಾಕೋಣ, ಮಜಾ ಬರುತ್ತೆ ಅಂತ ಒಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ನಮ್ಮ ಕಡೆಯ ಮಾತನ್ನ ಇಷ್ಟು ವರ್ಷ ಒಂದೋ ನಗಿಸೋಕೆ ಬಳಸಿದ್ದಾರೆ, ಇಲ್ಲಾ ಹೊಡೆಸೋಕೆ ಬಳಸಿದ್ದಾರೆ. ನಮ್ಮವ್ವ ಆಡೋ ಮಾತನ್ನ ನಾನೇ ತಗೊಂಡು ಹೋಗಿ ಒಬ್ಬ ಕೊಲೆಗಾರನ ಬಾಯಿಗೆ ಹಾಕಬೇಕಾ? ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಆ ಗ್ಯಾಂಗ್‌ಸ್ಟರ್ ತನ್ನೂರಿನವನು ಅನ್ನೋದೇ ಅವನ ಬಲ. ಅವನಿಗೆ ನಮ್ಮ ಯಾವುದೋ ಜಿಲ್ಲೆಯ ಮಾತು ಕೊಟ್ಟರೆ ಅವನು ಅಲ್ಲಿಗೆ ಹೊರಗಿನವನಾಗಿಬಿಡ್ತಾನೆ. ಬೇರೆ ದಾರಿ ಹುಡುಕಿದೆ. ಅವನಿಗೆ ನಿಧಾನದ, ಸ್ವಲ್ಪ ಹಳೇ ಕಾಲದ ಮರ್ಯಾದೆಯ ಮಾತು ಕೊಟ್ಟೆ. ‘ಸಾಹೇಬ್ರೇ, ಊಟ ಮಾಡಿ ಹೋಗಿ’ ಅನ್ನೋನು. ಬೈಗುಳ ಪೂರ್ತಿ ಅವನ ಹುಡುಗರಿಗೆ. ಅವನ ಬಾಯಲ್ಲಿ ಒಂದೂ ಇಲ್ಲ. ಭಯ ಜಾಸ್ತಿ ಆಯ್ತು ಅಂತಲೇ ನನಗೆ ಅನ್ನಿಸಿತು. ಡಬ್ ಆದ ಸಿನಿಮಾಗೂ ಬೇರೆಯಾಗಿ ಸೆನ್ಸಾರ್ ಆಗಬೇಕು, ಆ ಲೆಕ್ಕದಲ್ಲೂ ಒಳ್ಳೇದೇ ಆಯ್ತು.

ಎರಡನೇದು ನಿಜವಾದ ಕಷ್ಟ. ಹಿಂದಿಯಲ್ಲಿ ಆಪ್, ತುಮ್, ತೂ ಅಂತ ಮೂರು ಮೆಟ್ಟಿಲು. ನಮ್ಮ ದಿನದ ಮಾತಲ್ಲಿ ನೀವು, ನೀನು, ಎರಡೇ. ಈ ಸಿನಿಮಾದ ಇಡೀ ಜಗಳ ಆ ಮೂರು ಮೆಟ್ಟಿಲ ಮೇಲೆ ನಿಂತಿದೆ. ಶುರುವಿನಲ್ಲಿ ಗ್ಯಾಂಗ್‌ಸ್ಟರ್ ಊರಿನ ದೊಡ್ಡ ಮನುಷ್ಯ, ಪೊಲೀಸ್ ಹೊಸಬ, ‘ಆಪ್’ ಅಂತಾನೆ. ಇಂಟರ್ವಲ್ ಹತ್ತಿರ ‘ತುಮ್’ ಆಗುತ್ತೆ. ಇವರಿಬ್ಬರ ನಡುವೆ ‘ತೂ’ ಬರೋದು ಕೊನೆಯಲ್ಲಿ, ಒಂದೇ ಸಲ. ನಾನು ‘ತುಮ್’ ಬಂದ ಕಡೆಯೆಲ್ಲ ‘ನೀನು’ ಅಂತ ಬರೆದುಬಿಟ್ಟರೆ ಕೊನೆಗೆ ಇಳಿಯೋಕೆ ಮೆಟ್ಟಿಲೇ ಉಳಿಯಲ್ಲ ಅಲ್ವಾ?

ಒಂದು ವಾರ ಇದೇ ಯೋಚನೆ. ಸಾಯಿಕುಮಾರ್ ಅವರ ಹಳೇ ದೃಶ್ಯಗಳನ್ನ ಕೂತು ಕೇಳಿದೆ. 1996ರ ‘ಪೊಲೀಸ್ ಸ್ಟೋರಿ’ ಬಂದ ಮೇಲೆ ಕನ್ನಡದಲ್ಲಿ ಪೊಲೀಸ್ ಅಂದ್ರೆ ಆ ದನಿ. ಅವರು ತೆಲುಗಿನಲ್ಲಿ ಬೇರೆ ನಟರಿಗೆ ದನಿ ಕೊಟ್ಟು ಬೆಳೆದವರು. ಅವರ ತಮ್ಮ ರವಿಶಂಕರ್ ಕೂಡ ಡಬ್ಬಿಂಗ್ ಕಲಾವಿದರೇ, 2011ರ ‘ಕೆಂಪೇಗೌಡ’ದಲ್ಲಿ ಆರ್ಮುಗಂ ಆಗಿ ಬಂದು ಹೆಸರು ಮಾಡಿದರು. ಅಣ್ಣನ ದನಿ ಪೊಲೀಸಿಗೆ, ತಮ್ಮನ ದನಿ ರೌಡಿಗೆ, ಎರಡೂ ಡಬ್ಬಿಂಗ್ ಮೈಕಿನ ಮುಂದೆ ಪಳಗಿದ್ದು. ಇದನ್ನ ನೆನೆಸಿಕೊಂಡಾಗೆಲ್ಲ ನನ್ನ ಕಸುಬಿನ ಮೇಲೆ ಗೌರವ ಹೆಚ್ಚುತ್ತೆ. ಆದರೆ ಅವರ ದೃಶ್ಯಗಳಲ್ಲಿ ನನ್ನ ಪ್ರಶ್ನೆಗೆ ಉತ್ತರ ಇರಲಿಲ್ಲ. ಅಲ್ಲಿ ಮಾತು ಬೆಂಕಿ. ನನಗೆ ಬೇಕಾಗಿದ್ದು ಬೂದಿ ಮುಚ್ಚಿದ ಕೆಂಡ.

ಉತ್ತರ ಸಿಕ್ಕಿದ್ದು ಬಸವೇಶ್ವರನಗರದಲ್ಲಿ, ಗೆಳತಿಯ ಮಾವನ ಮನೆಯಲ್ಲಿ. ಅವರು ನಿವೃತ್ತ ಪೊಲೀಸ್ ಅಧಿಕಾರಿ. ಕಾಫಿ ಕೊಟ್ಟು ಕೂರಿಸಿಕೊಂಡು ಹೇಳಿದರು. ‘ನೋಡಮ್ಮಾ, ದುಡ್ಡಿರೋ ರೌಡಿ ಸ್ಟೇಷನ್‌ಗೆ ಬಂದ್ರೆ ನಾವು ನೀನು ಅನ್ನೋ ಹಾಗಿಲ್ಲ, ಸಂಜೆಗೆ ಮೇಲಿಂದ ಫೋನ್ ಬರುತ್ತೆ. ನೀವು ಅಂದ್ರೆ ನಮ್ಮ ಪೇದೆಗಳ ಮುಂದೆ ನಮ್ಮ ಮುಖ ಉಳಿಯಲ್ಲ. ಅದಕ್ಕೆ ಎರಡೂ ಅಂತಿರಲಿಲ್ಲ. ಬಂದಿದ್ದು ಯಾವಾಗ? ಏನು ಸಮಾಚಾರ? ಕಾಫಿ ಆಯ್ತಾ? ಅಷ್ಟೇ.’

ನಾನು ಲೋಟ ಕೆಳಗಿಟ್ಟೆ. ಇದು ನಾವೆಲ್ಲ ದಿನಾ ಮಾಡೋದೇ! ಮದುವೆ ಮನೆಯಲ್ಲಿ ಯಾರೋ ಎದುರಾದಾಗ, ನೀನು ಅನ್ನಬೇಕಾ ನೀವು ಅನ್ನಬೇಕಾ ಗೊತ್ತಾಗದೆ, ‘ಊಟ ಆಯ್ತಾ? ಯಾವಾಗ ಬಂದಿದ್ದು?’ ಅಂತ ಕೇಳಿ ಪಾರಾಗ್ತೀವಿ. ಕನ್ನಡದಲ್ಲೂ ನಡುವಿನ ಮೆಟ್ಟಿಲು ಇದೆ. ಅದಕ್ಕೆ ಹೆಸರಿಲ್ಲ ಅಷ್ಟೇ.

ಮನೆಗೆ ಬಂದು ನಡುವಿನ ಭಾಗ ಪೂರ್ತಿ ಹೊಸದಾಗಿ ಬರೆದೆ. ‘ತುಮ್ ಕಹಾ ಥೇ’ ಅನ್ನೋದು ‘ಎಲ್ಲಿತ್ತು ಸವಾರಿ’ ಆಯ್ತು. ಕ್ರಿಯಾಪದದ ಬಾಲದಲ್ಲೇ ನೀನು, ನೀವು ಅಡಗಿರುತ್ತೆ. ಬಂದೆ, ಬಂದ್ರಿ ಅಂದ ತಕ್ಷಣ ಗುಟ್ಟು ರಟ್ಟು. ಹಾಗಾಗಿ ಆಯ್ತಾ, ಇದೆ, ಬಂದಿದ್ದು, ಮಾಡೋಣ, ಇಂಥವನ್ನೇ ಹುಡುಕಿ ಹುಡುಕಿ ಹಾಕಿದೆ. ಒಟ್ಟು 61 ಸಾಲು. ಓದುವಾಗ ಪೊಲೀಸ್ ಮತ್ತು ರೌಡಿ ಒಬ್ಬರನ್ನೊಬ್ಬರು ಅಳೆಯುತ್ತಾ ಸುತ್ತು ಬರೋ ಹಾಗಿತ್ತು. ಹಿಂದಿಗಿಂತ ಒಂದು ಕೈ ಮೇಲೆ ಅಂತ ಈಗಲೂ ನಂಬಿದ್ದೀನಿ.

ರೆಕಾರ್ಡಿಂಗ್‌ನಲ್ಲಿ ಒಂದು ಎಡವಟ್ಟು ಆಯ್ತು. ಪೊಲೀಸಿಗೆ ದನಿ ಕೊಟ್ಟವರು ಹಿರಿಯರು, 20 ವರ್ಷಕ್ಕಿಂತ ಜಾಸ್ತಿ ಅನುಭವ ಇದ್ದವರು. ಆವೇಶದಲ್ಲಿ ಒಂದು ಕಡೆ ‘ಕೂತ್ಕೋ’ ಅಂದುಬಿಟ್ಟಿದ್ದರು. ಹಾಳೆಯಲ್ಲಿ ಇರಲಿಲ್ಲ. ಅವತ್ತು ನಾನು ಸ್ಟುಡಿಯೋದಲ್ಲಿ ಇರಲಿಲ್ಲ, ಮಗನಿಗೆ ಜ್ವರ. ಮಿಕ್ಸಿಂಗ್ ಹೊತ್ತಿಗೆ ಕೇಳಿ ಎದೆ ಧಸಕ್ ಅಂತು. ಒಂದೇ ಪದ, ಬಿಡಿ ಅಂತ ಕೆಲವರು ಅಂದರು. ಆದರೆ ಇಡೀ ಕೊನೆಯ ದೃಶ್ಯ ನಿಂತಿರೋದೇ ಆ ಒಂದು ಪದದ ಮೇಲೆ ಅಂತ ನಾನು ಹಟ ಹಿಡಿದೆ. ಅವರಿಗೆ ಫೋನ್ ಮಾಡಿ ವಿವರಿಸಿದೆ. ‘ಅಯ್ಯೋ ಮೇಡಂ, ಮೊದಲೇ ಹೇಳಬಾರದಿತ್ತಾ, ಗೊತ್ತಿದ್ದರೆ ಇಡೀ ಪಾತ್ರವನ್ನೇ ಬೇರೆ ಥರ ಹಿಡೀತಿದ್ದೆ’ ಅಂದರು. ಅವರ ಮಾತು ಸರಿ. ತಪ್ಪು ನಂದು. ಈಗ ಕೆಲಸ ಶುರುವಾಗೋ ಮೊದಲೇ ಕಲಾವಿದರ ಜೊತೆ ಕೂತು ಯಾರು ಯಾರಿಗೆ ಏನಂತಾರೆ, ಎಲ್ಲಿ ಬದಲಾಗುತ್ತೆ ಅಂತ ಹೇಳಿಬಿಡ್ತೀನಿ. ಮಾರನೇ ದಿನ ಅವರೇ ಬಂದು ‘ಕೂತ್ಕೊಂಡು ಮಾತಾಡೋಣ’ ಅಂತ ತಿದ್ದಿಕೊಟ್ಟರು. ಅಲ್ಲಿ ಬೆನ್ನಿನ ಶಾಟ್ ಇತ್ತು, ತುಟಿಯ ಚಿಂತೆ ಇರಲಿಲ್ಲ.

ಕೊನೆಯ ದೃಶ್ಯವನ್ನೂ ಅವತ್ತೇ ಇನ್ನೊಂದು ಸಲ ಮಾಡೋಣ ಅಂದರು ಅವರು. ಗ್ಯಾಂಗ್‌ಸ್ಟರ್ ಮಳೆಯಲ್ಲಿ ಕೆಸರಲ್ಲಿ ಬಿದ್ದಿರ್ತಾನೆ. ಪೊಲೀಸ್ ಕೈಕೋಳ ಹಾಕಿ ಎರಡೇ ಪದ ಹೇಳ್ತಾನೆ. ‘ತೂ… ಚಲ್.’ ಪೂರ್ತಿ ಮುಖದ ಕ್ಲೋಸಪ್, ತಪ್ಪಿಸಿಕೊಳ್ಳೋಕೆ ಜಾಗವೇ ಇಲ್ಲ. ನಾನು ಬರೆದಿದ್ದು ‘ನೀನು… ನಡಿ.’ ಅರ್ಥ ಸರಿ. ಆದರೆ ‘ತೂ’ ಅನ್ನುವಾಗ ತುಟಿ ದುಂಡಗೆ ಮುಂದೆ ಬಂದಿದೆ, ನಮ್ಮ ‘ನೀ’ಗೆ ಬಾಯಿ ಅಗಲ ಆಗುತ್ತೆ. ಏಳು ಟೇಕ್ ಆಯ್ತು. ರಾತ್ರಿ ಹನ್ನೊಂದು ದಾಟಿತ್ತು. ಸೌಂಡ್ ಎಂಜಿನಿಯರ್ ಹುಡುಗ ‘ಅಕ್ಕಾ, ಅವರ ಗಂಟಲು ಹೋಗುತ್ತೆ’ ಅಂದ.

ನಾನು ಗಾಜಿನ ಈಚೆ ನಿಂತು ಆ ಮುಖವನ್ನ ದನಿ ಇಲ್ಲದೆ ನೋಡಿದೆ, ಒಂದು ಹತ್ತು ಸಲ. ಆಮೇಲೆ ಹಾಳೆಯಲ್ಲಿ ‘ನೀನು’ ಹೊಡೆದುಹಾಕಿ ಪೆನ್ನಲ್ಲಿ ಒಂದೇ ಅಕ್ಷರ ಬರೆದು ಒಳಗೆ ಕೊಟ್ಟೆ. ಅವರು ಓದಿದರು. ಕನ್ನಡಕ ತೆಗೆದು ಮೈಕಿನ ಹತ್ತಿರ ಬಂದರು. ಎರಡು ಗಂಟೆ ಸಿನಿಮಾದಲ್ಲಿ ಒಂದು ಸಲವೂ ಆಡದ ದನಿಯಲ್ಲಿ, ಜೋರಾಗಿ ಅಲ್ಲ, ಹತ್ತಿರದವರನ್ನ ಕರೆಯೋ ಅಷ್ಟು ಮೆಲ್ಲಗೆ, ಹೇಳಿದರು.

‘ಲೋ… ನಡಿ.’